ಕೆರೆಯ ಪಾಲನೆಯೂ ಅದರ ಹೊಣೆಯೂ

ಕನ್ನಡ ನಾಡಿನ ಬಯಲುಸೀಮೆಯಲ್ಲಿ ಮಳೆಯು ವರ್ಷದ ಕೆಲವೇ ದಿನಗಳಲ್ಲಿ ರಭಸದಿಂದ ಸುರಿದು, ಉಳಿದ ಕಾಲವೆಲ್ಲ ಮುಗಿಲು ಬರಿದಾಗಿರುವುದು. ಸುರಿದ ನೀರನ್ನು ತಡೆಯದಿದ್ದರೆ ಅದು ಹೊಲದ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹಳ್ಳಕ್ಕೂ ಹಳ್ಳದಿಂದ ಹೊಳೆಗೂ ಹರಿದುಹೋಗುವುದು. ತಡೆದು ನಿಲ್ಲಿಸಿದರೆ ಅದೇ ನೀರು ಬೆಳೆಗೆ ಆಧಾರವಾಗಿ, ದನಕರುಗಳ ದಾಹವನ್ನು ತಣಿಸಿ, ಭೂಮಿಯೊಳಗೆ ಇಂಗಿ ಬಾವಿಗಳಿಗೆ ಸೆಲೆಯಾಗುವುದು. ಈ ತತ್ತ್ವವನ್ನರಿತ ಹಿಂದಿನವರು ಊರೂರಿಗೆ ಕೆರೆಗಳನ್ನು ಕಟ್ಟಿದರು. ಕಟ್ಟಿಸಿದ ಅರಸರ, ಸಾಮಂತರ, ಗೌಡರ, ದಾನಶೀಲೆಯರಾದ ಸ್ತ್ರೀಯರ ಹೆಸರುಗಳನ್ನು ಶಾಸನಗಳು ಕೊಂಡಾಡಿವೆ. ಆದರೆ ಕಟ್ಟಿದ ಕೆರೆಯನ್ನು ನೂರಾರು ವರ್ಷ ಉಳಿಸಿದವರು ಯಾರು, ಆ ಹೊಣೆಯು ಯಾರದಾಗಿತ್ತು, ಅದು ಯಾವ ಬಗೆಯಲ್ಲಿ ಕೈತಪ್ಪಿತು ಎಂಬ ವಿಚಾರವೂ ಅಷ್ಟೇ ಮಹತ್ತ್ವದ್ದು.

ಶರಣರ ಚರಿತ್ರೆಯನ್ನು ಬಲ್ಲವರಿಗೆ ಕೆರೆಯ ಮಾತು ಬಂದೊಡನೆ ಸೊನ್ನಲಿಗೆಯ ಸಿದ್ಧರಾಮೇಶ್ವರರು ನೆನಪಿಗೆ ಬರುವರು. ಹನ್ನೆರಡನೆಯ ಶತಮಾನದಲ್ಲಿ ಅವರು ಪರಿವಾರದೊಡನೆ ಮಣ್ಣು ಹೊತ್ತು ನಿರ್ಮಿಸಿದ ಕೆರೆಯು, ಇಂದು ಮಹಾರಾಷ್ಟ್ರಕ್ಕೆ ಸೇರಿರುವ ಸೊಲ್ಲಾಪುರ ನಗರದ ನಡುವೆ ಈಗಲೂ ಇರುವುದು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಸಿದ್ಧರಾಮರನ್ನು ಒಡ್ಡನೆಂದು ಕರೆದು ಕೆಣಕಿದ ಪ್ರಸಂಗವನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ವರ್ಣಿಸಿದೆ. ಪ್ರಭುದೇವರು ಕೆರೆಯ ಕೆಲಸವನ್ನು ಹೀನವೆಂದು ಹಳಿದರೆಂದು ಈ ಪ್ರಸಂಗಕ್ಕೆ ಅರ್ಥ ಮಾಡಲಾಗದು. ‘ನಾನು ಕಟ್ಟಿಸಿದೆನು’ ಎಂಬ ಅಭಿಮಾನವು ಕಳಚಬೇಕೆಂಬುದೇ ಅದರ ಸಾರವೆನ್ನಬಹುದು. ಕಟ್ಟಿಸಿದವನ ಅಭಿಮಾನವು ಕೆರೆಯನ್ನು ಉಳಿಸಲಾರದು. ವರ್ಷವರ್ಷವೂ ತಪ್ಪದೆ ನಡೆಯುವ ಕಾಯಕವೇ ಅದನ್ನು ಉಳಿಸತಕ್ಕದ್ದು.

ಕೆರೆಯ ಸ್ವರೂಪವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು. ಮೇಲಿನ ಗೋಮಾಳ ಮತ್ತು ಗುಂಡುತೋಪುಗಳಲ್ಲಿ ಹುಲ್ಲೂ ಗಿಡಗಳೂ ಇದ್ದರೆ ಮಳೆಯ ನೀರು ವೇಗವನ್ನು ಕಳೆದುಕೊಂಡು, ಮಣ್ಣನ್ನು ಅಲ್ಲಿಯೇ ಬಿಟ್ಟು, ತಿಳಿಯಾಗಿ ಕೆಳಗಿಳಿಯುವುದು. ಕಾಲುವೆಗಳು ಆ ನೀರನ್ನು ಕೆರೆಯ ಅಂಗಳಕ್ಕೆ ತರುವುವು. ಏರಿಯು ಅದನ್ನು ತಡೆಯುವುದು. ತೂಬು ಅಚ್ಚುಕಟ್ಟಿಗೆ ಬಿಡುವುದು. ಹೆಚ್ಚಾದ ನೀರು ಕೋಡಿಯಲ್ಲಿ ಹರಿದು ಕೆಳಗಿನ ಊರಿನ ಕೆರೆಗೆ ಸೇರುವುದು. ಇವುಗಳಲ್ಲಿ ಯಾವುದೊಂದು ಕೆಟ್ಟರೂ ಉಳಿದವು ನಿಷ್ಪ್ರಯೋಜಕವಾಗುವುವು. ಏರಿಯ ಇಳಿಜಾರಿನಲ್ಲಿ ಗರಿಕೆಯಿದ್ದರೆ ಮಣ್ಣು ನಿಲ್ಲುವುದು. ದೊಡ್ಡ ಮರವು ಬೆಳೆದು ಸತ್ತರೆ ಅದರ ಬೇರು ಕೊಳೆತ ಹಾದಿಯಲ್ಲಿ ನೀರು ಜಿನುಗಿ ಏರಿಯೇ ಒಡೆಯಬಹುದು. ಪ್ರತಿ ಮಳೆಗಾಲವೂ ಸ್ವಲ್ಪ ಹೂಳನ್ನು ತರುವುದು. ಅದನ್ನು ಬೇಸಗೆಯಲ್ಲಿ ತೆಗೆದು ಹೊಲಕ್ಕೆ ಹಾಕಿದರೆ ಗೊಬ್ಬರವಾಗುವುದು. ಬಿಟ್ಟರೆ ಕೆರೆಯೇ ಬಯಲಾಗುವುದು. ಮೇಲಿನ ಊರಿನ ಏರಿ ಒಡೆದರೆ ಕೆಳಗಿನ ಊರುಗಳ ಏರಿಗಳಿಗೂ ಅಪಾಯವು ತಪ್ಪದು. ಆದುದರಿಂದ ಕೆರೆಯ ಹೊಣೆಯು ಒಬ್ಬನಿಂದ ತೀರುವಂಥದಲ್ಲ. ಯಾರದೂ ಅಲ್ಲವೆಂದು ಬಿಡುವಂಥದೂ ಅಲ್ಲ.

ಪೂರ್ವಕಾಲದವರು ಈ ಹೊಣೆಯನ್ನು ಧರ್ಮಬುದ್ಧಿಯೊಂದಕ್ಕೇ ಬಿಟ್ಟುಕೊಡಲಿಲ್ಲ. ಅದಕ್ಕೆ ಆದಾಯವನ್ನೂ ಗೊತ್ತುಮಾಡಿದರು. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕೊಡಗೆ, ದಶವಂದ ಎಂಬ ಪದಗಳು ಇದಕ್ಕೆ ಸಾಕ್ಷಿ. ಕೆರೆಯನ್ನು ಕಟ್ಟಿದವರಿಗೂ ಜೀರ್ಣೋದ್ಧಾರ ಮಾಡಿದವರಿಗೂ ಅದರ ಕೆಳಗಿನ ಭೂಮಿಯನ್ನೋ ಬೆಳೆಯ ಪಾಲನ್ನೋ ಬಿಟ್ಟುಕೊಡುತ್ತಿದ್ದರು. ಹೂಳನ್ನು ಸಾಗಿಸಿ ಏರಿಗೆ ಮಣ್ಣು ಹಾಕುವ ಕೆರೆಬಂಡಿಗಾಗಿ ದತ್ತಿ ಬಿಟ್ಟ ಶಾಸನಗಳೂ ಉಂಟು. ಊರಿನ ಆಯಗಾರರಲ್ಲಿ ನೀರುಗಂಟಿಯು ತೂಬನ್ನು ತೆರೆದು ಮುಚ್ಚಿ, ಗದ್ದೆಗದ್ದೆಗೆ ಸರದಿಯಂತೆ ನೀರು ಹಾಯಿಸಿ, ಸುಗ್ಗಿಯಲ್ಲಿ ಕಣದಿಂದ ತನ್ನ ಪಾಲಿನ ಧಾನ್ಯವನ್ನು ಪಡೆಯುತ್ತಿದ್ದನು. ಬೆಳೆ ಬಂದರೆ ಅವನಿಗೆ ಅನ್ನ. ಕೆರೆ ಬತ್ತಿದರೆ ಅವನ ಪಾಲೂ ಇಲ್ಲ. ಹೀಗೆ ಕರ್ತವ್ಯವೂ ಹಕ್ಕೂ ಒಂದೇ ಹಗ್ಗದ ಎರಡು ಎಳೆಗಳಾಗಿದ್ದುವು. ಆ ಕಾಲದ ಗ್ರಾಮವ್ಯವಸ್ಥೆಯಲ್ಲಿ ದುಡಿಮೆಯ ಭಾರವು ಕೆಳಗಿನವರ ಮೇಲೆ ಹೆಚ್ಚಾಗಿ ಬೀಳುತ್ತಿದ್ದುದೂ, ನೀರಿನ ಫಲವು ಎಲ್ಲರಿಗೂ ಸಮನಾಗಿ ದೊರೆಯದಿದ್ದುದೂ ಸತ್ಯವೇ. ಆದರೂ ಯಾವ ಕೆಲಸಕ್ಕೆ ಯಾರು ಬಾಧ್ಯರೆಂಬುದರಲ್ಲಿ ಸಂದೇಹವಿರಲಿಲ್ಲ.

ಈ ಸಂದರ್ಭದಲ್ಲಿ ಈಗ ಆಂಧ್ರದ ಕಡಪ ಜಿಲ್ಲೆಯಲ್ಲಿರುವ ಪೋರುಮಾಮಿಳ್ಳದ ಶಾಸನವು ವಿಶೇಷವಾಗಿ ಸ್ಮರಣೀಯವು. ವಿಜಯನಗರದ ಮೊದಲನೆಯ ಬುಕ್ಕರಾಯನ ಪುತ್ರನಾದ ಭಾಸ್ಕರನು ಕಟ್ಟಿಸಿದ ಕೆರೆಯ ಬಳಿ 1369ರಲ್ಲಿ ಹಾಕಿಸಿದ ಸಂಸ್ಕೃತ ಶಾಸನವಿದು. ದಿನವೂ 1000 ಆಳುಗಳೂ 100 ಬಂಡಿಗಳೂ ದುಡಿದು ಎರಡು ವರ್ಷಗಳಲ್ಲಿ ಕೆರೆಯು ಪೂರ್ಣವಾಯಿತೆಂದು ಅದು ತಿಳಿಸುವುದು. ಒಳ್ಳೆಯ ಕೆರೆಗೆ 12 ಅಂಗಗಳನ್ನು ಅದು ಹೇಳುವುದು. ಧರ್ಮಿಷ್ಠನಾದ ದೊರೆ, ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸ, ಕುಶಲರಾದ ಕೆಲಸಗಾರರು ಆ ಅಂಗಗಳಲ್ಲಿ ಸೇರಿರುವರು. ಬಳಿಕ ಆರು ದೋಷಗಳನ್ನು ಎಣಿಸುವುದು. ಏರಿಯಲ್ಲಿ ನೀರು ಸೋರುವುದು, ಚೌಳುಭೂಮಿ ಮೊದಲಾದವುಗಳ ಜತೆಗೆ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದೂ ಒಂದು ದೋಷವೆಂದು ಅಲ್ಲಿ ಹೇಳಿದೆ. ಮಣ್ಣಿನ ದೋಷದ ಸಾಲಿನಲ್ಲಿಯೇ ಒಡೆತನದ ದೋಷವನ್ನೂ ಇರಿಸಿದ ಈ ವಿವೇಕವು ಮನನಯೋಗ್ಯವಾಗಿದೆ. ಇಬ್ಬರು ಒಡೆಯರಿದ್ದರೆ ನೀರಿಗೆ ಇಬ್ಬರೂ ಬರುವರು, ಹೂಳಿಗೆ ಒಬ್ಬನೂ ಬಾರನು.

ಹತ್ತೊಂಬತ್ತನೆಯ ಶತಮಾನದಲ್ಲಿ ವ್ಯವಸ್ಥೆಯು ಬದಲಾಯಿತು. ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ಮೇಜರ್ ಸ್ಯಾಂಕಿಯವರು 1866ರಲ್ಲಿ, ಸುಮಾರು 27,000 ಚದರ ಮೈಲಿಗಳ ಆ ಸೀಮೆಯಲ್ಲಿ ನೂರಕ್ಕೆ ಸುಮಾರು 60 ಭಾಗದ ನೀರು ಕೆರೆಗಳಿಗೆ ಹರಿದುಬರುವಂತೆ ಏರ್ಪಟ್ಟಿದೆಯೆಂದೂ, ಹೊಸ ಕೆರೆಗೆ ಸ್ಥಳ ಹುಡುಕುವುದೇ ಕಷ್ಟವೆಂದೂ ಬರೆದರು. ಇಷ್ಟು ವಿಸ್ತಾರವಾದ ಕಾರ್ಯವನ್ನು ಸರ್ಕಾರದ ಇಲಾಖೆಯೊಂದೇ ದೂರದಿಂದ ನೋಡಿಕೊಳ್ಳುವುದು ಸುಲಭವಾಗಿರಲಿಲ್ಲ. ಕಂದಾಯದ ಹಕ್ಕು ಸರ್ಕಾರದ್ದಾಯಿತು. ಮಣ್ಣಿನ ಕೆಲಸದ ಭಾರವು ಮಾತ್ರ ರೈತರದೆಂದೇ ಉಳಿಯಿತು. ಅಂದು ಬಳ್ಳಾರಿ ಸೀಮೆಯು ಸೇರಿದ್ದ ಮದರಾಸು ಪ್ರಾಂತದಲ್ಲಿ ರೂಢಿಯ ದುಡಿಮೆಯನ್ನು ಬಲವಂತದಿಂದ ನಡೆಸಲು 1858ರಲ್ಲಿ ಕಾಯಿದೆಯೇ ಆಯಿತು. ಮೈಸೂರಿನಲ್ಲಿ 1911ರಲ್ಲಿ ಕೆರೆ ಪಂಚಾಯಿತಿಗಳ ಶಾಸನವು ಬಂದಿತು. ಆದರೆ ಹಕ್ಕು ಹೋದ ಮೇಲೆ ಕರ್ತವ್ಯವನ್ನು ಕಾಯಿದೆಯಿಂದ ಎಬ್ಬಿಸುವುದು ದುಸ್ತರವಾಗಿ ಕಂಡಿತು.

ಬೆಂಗಳೂರಿನ ಚರಿತ್ರೆಯು ಇದಕ್ಕೆ ಇನ್ನೊಂದು ನಿದರ್ಶನ. 1896ರಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂದಮೇಲೆ ಊರೊಳಗಿನ ಕೆರೆಗಳು ಜನರಿಗೆ ಕ್ರಮೇಣ ಅನಗತ್ಯವಾಗಿ ತೋರಿದುವು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ಸುನಿಲ್ದಾಣವೂ, ಸಂಪಂಗಿ ಕೆರೆಯಲ್ಲಿ ಕ್ರೀಡಾಂಗಣವೂ ಎದ್ದುವು. ಕೆರೆಯಿಂದ ಕೆರೆಗೆ ನೀರೊಯ್ಯುತ್ತಿದ್ದ ರಾಜಕಾಲುವೆಗಳಲ್ಲಿ ಕೊಳಚೆ ಹರಿಯಿತು. 1985ರಲ್ಲಿ ನೇಮಕವಾದ ಲಕ್ಷ್ಮಣರಾಯರ ಸಮಿತಿಯು ಉಳಿದ ಕೆರೆಗಳನ್ನು ಒಡೆಯದೆ ಕಾಪಾಡಬೇಕೆಂದು ಸೂಚಿಸಿತು. ಆದರೂ ಅರಣ್ಯ ಇಲಾಖೆ, ಅಭಿವೃದ್ಧಿ ಪ್ರಾಧಿಕಾರ, ನಗರಪಾಲಿಕೆ ಎಂದು ಪಾಲನೆಯು ಹಂಚಿಹೋಯಿತು. 2014ರಲ್ಲಿ ಕೆರೆಗಳಿಗಾಗಿಯೇ ಒಂದು ಪ್ರಾಧಿಕಾರವನ್ನು ಕಾಯಿದೆಯಿಂದ ಸ್ಥಾಪಿಸಿ, 2018ರಲ್ಲಿ ಅದನ್ನು ರದ್ದುಗೊಳಿಸಿ ಆ ಹೊಣೆಯನ್ನು ಸಣ್ಣ ನೀರಾವರಿ ಇಲಾಖೆಯ ಕಡೆಗೆ ಸಾಗಿಸಲಾಯಿತು. ಈ ನಡುವೆ 2017ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ನೀರಿನ ಮೇಲೆಯೇ ಬೆಂಕಿ ಕಾಣಿಸಿಕೊಂಡಿತು. 2022ರ ಸೆಪ್ಟೆಂಬರಿನಲ್ಲಿ ಮಳೆಯ ನೀರು ಹೋಗಲು ಹಾದಿಯಿಲ್ಲದೆ ಆ ಭಾಗದ ಮನೆಗಳನ್ನೂ ಹೆದ್ದಾರಿಯನ್ನೂ ಮುಳುಗಿಸಿತು. ಪೋರುಮಾಮಿಳ್ಳದ ಶಾಸನವು ಎಣಿಸಿದ ಗಡಿಯ ದೋಷವು ಹೀಗೆ ರಾಜ್ಯಗಳ ನಡುವಿನಿಂದ ಕಚೇರಿಗಳ ನಡುವಿಗೆ ಬಂದು ನಿಂತಿತು.

ಹಳ್ಳಿಗಳಲ್ಲಿಯೂ ಅಚ್ಚುಕಟ್ಟಿನ ಅಳತೆಯ ಮೇಲೆ ಹೊಣೆಯು ಬೇರೆಬೇರೆಯಾಗಿದೆ: 40 ಹೆಕ್ಟೇರಿಗೆ ಕಡಮೆಯಾದವು ಪಂಚಾಯತಿಗಳಿಗೆ, ಅದಕ್ಕೆ ಮೇಲ್ಪಟ್ಟು 2000 ಹೆಕ್ಟೇರಿನವರೆಗಿನವು ಸಣ್ಣ ನೀರಾವರಿ ಇಲಾಖೆಗೆ. 2000ದಲ್ಲಿ ಸ್ಥಾಪಿತವಾದ ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಊರವರ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿ, ಜೀರ್ಣೋದ್ಧಾರವನ್ನೂ ಮುಂದಿನ ಪಾಲನೆಯನ್ನೂ ಅವರ ಕೈಗೆ ಒಪ್ಪಿಸುವ ಪ್ರಯತ್ನವು ನಡೆಯಿತು. ಹೂಳು ತೆಗೆಯುವುದಕ್ಕೆ ಒಮ್ಮೆ ಹಣ ದೊರೆಯಬಹುದು. ಹತ್ತು ವರ್ಷಗಳ ಬಳಿಕ ಮತ್ತೆ ತುಂಬುವ ಹೂಳಿಗೆ ಹಣವೆಲ್ಲಿಂದ, ಬಾವಿ ಕೊರೆಸಿ ಕೆರೆಯನ್ನು ಮರೆತ ರೈತನನ್ನು ಮತ್ತೆ ಏರಿಯ ಮೇಲೆ ಕರೆತರುವುದು ಹೇಗೆ ಎಂಬುದೇ ಕಠಿಣವಾದ ಪ್ರಶ್ನೆ.

ಕಾಯಕ, ದಾಸೋಹ ಎಂಬ ಎರಡು ಮಾತುಗಳನ್ನು ಪೂಜ್ಯಭಾವದಿಂದ ನುಡಿಯುವ ಭಕ್ತಾದಿಗಳಿಗೆ ಈ ಪ್ರಶ್ನೆಯು ಹೊರಗಿನದಲ್ಲ. ಕೆರೆಯ ನೀರು ಯಾರೊಬ್ಬರ ಸ್ವತ್ತೂ ಅಲ್ಲದುದರಿಂದ ಅದರ ಪಾಲನೆಯು ದಾಸೋಹವು. ವರ್ಷವರ್ಷವೂ ಮಾಡಬೇಕಾದುದರಿಂದ ಅದು ಕಾಯಕವು. ಸರ್ಕಾರವು ತನ್ನ ಹೊಣೆಯಿಂದ ನುಣುಚಿಕೊಳ್ಳುವುದಕ್ಕೆ ಈ ಮಾತು ನೆಪವಾಗಬಾರದು. ಒತ್ತುವರಿಯನ್ನು ತೆರವುಮಾಡುವ ಅಧಿಕಾರವೂ ಒಡೆದ ಕೋಡಿಯನ್ನು ಕಟ್ಟುವ ದ್ರವ್ಯವೂ ಅದರಲ್ಲಿಯೇ ಇರುವುವು. ಆದರೆ ಮುಂಗಾರಿಗೆ ಮೊದಲು ಊರಿನ ಜನರು ಒಂದೆಡೆ ಕುಳಿತು ಕೆಲವು ಸಂಗತಿಗಳನ್ನು ಕೇಳಿಕೊಳ್ಳಬಹುದು: ಈ ವರ್ಷ ಕಾಲುವೆಯ ಮುಳ್ಳನ್ನು ಕಡಿಯುವವರು ಯಾರು? ತೂಬಿನ ಕೆಲಸವು ಯಾರ ಪಾಲಿಗೆ? ಅವರಿಗೆ ಕೊಡುವ ಕೂಲಿಯು ಯಾವ ನಿಧಿಯಿಂದ? ತೆಗೆದ ಹೂಳು ಮೊದಲು ಯಾರ ಹೊಲಕ್ಕೆ, ಬಡವನ ಹೊಲಕ್ಕೂ ಅದು ತಲಪುವುದೋ? ಈ ಪ್ರಶ್ನೆಗಳಿಗೆ ಹೆಸರು ಹಿಡಿದು ಉತ್ತರ ಹೇಳಬಲ್ಲ ಊರಿನಲ್ಲಿ ಕೆರೆಯು ಉಳಿಯುವುದು.