ತ್ರೈರಾಶಿಕದ ಕಥೆ



ವಿಜಯನಗರದ ಅಂಗಡಿಯೊಂದರಲ್ಲಿ 3 ಕಿಲೋ ಅಕ್ಕಿಗೆ 180 ರೂಪಾಯಿ ಎಂದಿಟ್ಟುಕೊಳ್ಳಿ. 5 ಕಿಲೋಗೆ ಎಷ್ಟು? ತೂಕಗಳ ಅನುಪಾತವೂ ಬೆಲೆಗಳ ಅನುಪಾತವೂ ಸಮವಾಗಿರಬೇಕು. ಆದ್ದರಿಂದ 180ನ್ನು 5ರಿಂದ ಗುಣಿಸಿ 3ರಿಂದ ಭಾಗಿಸುತ್ತೀರಿ. ಉತ್ತರ 300 ರೂಪಾಯಿ.

ಗೊತ್ತಿರುವ ಮೂರು ರಾಶಿಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ಈ ಲೆಕ್ಕಕ್ಕೆ ನಮ್ಮ ಹಿಂದಿನವರು ತ್ರೈರಾಶಿಕ ಎಂದು ಹೆಸರಿಟ್ಟರು. ಇಲ್ಲಿ 3 ಕಿಲೋ ‘ಪ್ರಮಾಣ’, 180 ರೂಪಾಯಿ ‘ಫಲ’, 5 ಕಿಲೋ ‘ಇಚ್ಛೆ’. ಕ್ರಿ.ಶ. 499ರ ಸುಮಾರಿಗೆ ರಚನೆಯಾದ ‘ಆರ್ಯಭಟೀಯ’ದಲ್ಲಿ ಈ ನಿಯಮವಿದೆ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತದ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇದಕ್ಕಾಗಿ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟನು. 12ನೆಯ ಶತಮಾನದ ರಾಜಾದಿತ್ಯನು ಇನ್ನೊಂದು ಹೆಜ್ಜೆ ಮುಂದಿಟ್ಟು, ಗಣಿತವನ್ನು ಕನ್ನಡದಲ್ಲೇ ಬರೆದನು. ಅವನ ಕೃತಿಯ ಹೆಸರು ‘ವ್ಯವಹಾರಗಣಿತ’. ಲೆಕ್ಕವು ಪಂಡಿತರಿಗಷ್ಟೇ ಅಲ್ಲ, ಕೊಡುಕೊಳ್ಳುವವರಿಗೂ ಬೇಕು ಎಂಬುದನ್ನು ಆ ಹೆಸರೇ ಸಾರುತ್ತದೆ. ಭಾರತದ ಈ ವಿಧಾನವನ್ನು ಕುರಿತು 11ನೆಯ ಶತಮಾನದಲ್ಲಿ ಅಲ್‌ಬಿರೂನಿ ಅರಬ್ಬಿಯಲ್ಲಿ ಒಂದು ಗ್ರಂಥ ಬರೆದನು. ಮುಂದೆ ಯೂರೋಪಿನ ವರ್ತಕರು ಇದನ್ನು ‘ಚಿನ್ನದ ನಿಯಮ’ ಎಂದು ಕರೆದರು.

ಈ ಲೆಕ್ಕ ನಮ್ಮ ಹಿರಿಯರ ಜೇಬಿಗೇ ಬಂದ ದಿನವೊಂದಿದೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಜಾರಿಗೆ ಬಂತು. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ. ಅಂದಿನಿಂದ 100 ನಯಾಪೈಸೆ. ಹಾಗಾದರೆ 2 ಆಣೆಗೆ ಎಷ್ಟು? ತ್ರೈರಾಶಿಕ ಹೇಳುವುದು ಹನ್ನೆರಡೂವರೆ. ಆದರೆ ಅರೆಪೈಸೆಯ ನಾಣ್ಯವಿರಲಿಲ್ಲ. ಸರ್ಕಾರದ ಕೋಷ್ಟಕದಲ್ಲಿ 12 ಎಂದಿತ್ತು. 2 ಆಣೆಯ ಹೂವನ್ನು 12 ಪೈಸೆಯಂತೆ ಎಂಟು ಜನರಿಗೆ ಮಾರಿದರೆ ಕೈಗೆ ಬರುವುದು 96 ಪೈಸೆ, ಒಂದು ರೂಪಾಯಿಯಲ್ಲ. 4 ಪೈಸೆಯ ನಷ್ಟ ಯಾರದು? ಮಾರುವವಳದು. ಅನುಪಾತ ಸ್ವಲ್ಪ ತಪ್ಪಿದರೂ ಒಬ್ಬರಿಗೆ ಪೆಟ್ಟು ಬೀಳುತ್ತದೆ. ರಾಜಾಜಿನಗರದಲ್ಲೋ ಕೆಂಗೇರಿಯಲ್ಲೋ ಆ ದಿನಗಳನ್ನು ಕಂಡ ಅಜ್ಜ ಅಜ್ಜಿಯರಿದ್ದರೆ ಕೇಳಿ ನೋಡಿ.

ಇನ್ನೊಂದು ಎಚ್ಚರಿಕೆ. 6 ಜನ ಒಂದು ಗೋಡೆಯನ್ನು 10 ದಿನದಲ್ಲಿ ಕಟ್ಟಿದರೆ, 12 ಜನರಿಗೆ ಎಷ್ಟು ದಿನ ಬೇಕು? ಮೇಲಿನಂತೆಯೇ ಗುಣಿಸಿ ಭಾಗಿಸಿದರೆ 20 ದಿನ ಬರುತ್ತದೆ! ಜನ ಹೆಚ್ಚಿದರೆ ದಿನ ಕಡಿಮೆಯಾಗಬೇಕಲ್ಲವೇ? ಇದು ವ್ಯಸ್ತ ತ್ರೈರಾಶಿಕ. 6ನ್ನು 10ರಿಂದ ಗುಣಿಸಿ 12ರಿಂದ ಭಾಗಿಸಬೇಕು. ಸರಿಯುತ್ತರ 5 ದಿನ. ಈ ಭೇದವನ್ನು 628ರಲ್ಲೇ ಬ್ರಹ್ಮಗುಪ್ತ ತಿಳಿಸಿದ್ದಾನೆ.

ಆದ್ದರಿಂದ ಮಿತ್ರರೇ, ಗುಣಿಸುವ ಮೊದಲು ಒಂದು ಕ್ಷಣ ಯೋಚಿಸಿ: ಒಂದು ಹೆಚ್ಚಿದರೆ ಇನ್ನೊಂದು ಹೆಚ್ಚುವುದೋ, ಇಳಿಯುವುದೋ? ಸೂತ್ರ ನೆನಪಿನಿಂದ ಬರುತ್ತದೆ. ಈ ಪ್ರಶ್ನೆಗೆ ಉತ್ತರ ವಿವೇಚನೆಯಿಂದ ಮಾತ್ರ ಬರುತ್ತದೆ.