ಕೆಳದವಡೆಯ ಮೂಳೆ ಒಂದೋ, ಎರಡೋ?

ನಿಮ್ಮ ಗದ್ದದ ನಟ್ಟನಡುವೆ ಬೆರಳಿಟ್ಟು ಒತ್ತಿ ನೋಡಿ. ಅಲ್ಲೊಂದು ಕೀಲು ಇದೆಯೇ? ಇಲ್ಲ. ಆದರೆ ಇದೆ ಎಂದೇ ಸಾವಿರ ವರ್ಷಕ್ಕೂ ಹೆಚ್ಚು ಕಾಲ ವೈದ್ಯರು ಓದಿದರು, ಓದಿಸಿದರು.

ಹಾಗೆ ಬರೆದವರು ಕ್ರಿ.ಶ. 2ನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲನ್. ಕೆಳದವಡೆಯಲ್ಲಿ ಎರಡು ಮೂಳೆಗಳಿವೆ, ಅವು ಗದ್ದದಲ್ಲಿ ಬಿಗಿಯಾಗಿ ಕೂಡಿಕೊಂಡಿವೆ ಎಂಬುದು ಅವರ ಮಾತು. ಅವರು ಹೆಚ್ಚಾಗಿ ಕೊಯ್ದು ನೋಡಿದ್ದು ಮಂಗ, ಹಂದಿ ಮುಂತಾದ ಪ್ರಾಣಿಗಳನ್ನು. ಅವರ ಗ್ರಂಥಗಳನ್ನು 9ನೇ ಶತಮಾನದಲ್ಲಿ ಬಗ್ದಾದಿನ ಕ್ರೈಸ್ತ ವಿದ್ವಾಂಸ ಹುನೈನ್ ಇಬ್ನು ಇಸ್‌ಹಾಕ್ ಮತ್ತು ಸಂಗಡಿಗರು ಅರಬಿ ಭಾಷೆಗೆ ತಂದರು. ಗ್ರಂಥಗಳ ಜೊತೆಗೆ ಈ ತಪ್ಪೂ ಬಂತು.

ಇಬ್ನು ಸೀನಾ (980–1037) ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಕೀಲುಗಳನ್ನು ವಿಂಗಡಿಸಿದ ರೀತಿ ಈಗಲೂ ಓದಲು ಯೋಗ್ಯ. ಸಲೀಸಾಗಿ ಅಲುಗುವುವು, ಕಷ್ಟದಿಂದ ಅಲುಗುವುವು, ಅಲುಗದೆ ಬಿಗಿದುಕೊಂಡವು ಎಂದು ಮೂರು ಬಗೆ. ಬಿಗಿದುಕೊಂಡವುಗಳಲ್ಲಿ ಮತ್ತೆ ಮೂರು: ಕುಳಿಯಲ್ಲಿ ಗೂಟದಂತೆ ನೆಟ್ಟ ಹಲ್ಲು, ಗರಗಸದ ಹಲ್ಲುಗಳಂತೆ ಒಂದರೊಳಗೊಂದು ಸೇರಿದ ತಲೆಬುರುಡೆಯ ಮೂಳೆಗಳು, ಅಂಟಿಸಿದಂತೆ ಕೂಡಿಕೊಂಡ ಮೂಳೆಗಳು. ಇಂದಿನ ಪಠ್ಯಗಳು ಚಲನೆಯ ಜೊತೆಗೆ, ಎರಡು ಮೂಳೆಗಳ ನಡುವೆ ಏನಿದೆ ಎಂಬುದನ್ನೂ ನೋಡುತ್ತವೆ. ನಾರಿದ್ದರೆ ಒಂದು ಬಗೆ, ಮೃದ್ವಸ್ಥಿಯಿದ್ದರೆ ಇನ್ನೊಂದು. ಮೊಣಕಾಲು, ಭುಜಗಳಂತೆ ದ್ರವ ತುಂಬಿದ ಪೊರೆಯಿದ್ದರೆ ಅದು ಸೈನೋವಿಯಲ್ ಕೀಲು. ತಲೆಬುರುಡೆಯ ಹೊಲಿಗೆಗಳೂ ಹಲ್ಲುಗಳೂ ಇಂದಿಗೂ ಒಂದೇ ಗುಂಪಿನಲ್ಲಿವೆ. ಎರಡೂ ನಾರಿನ ಕೀಲುಗಳು. ಆದರೆ ಕೆಳದವಡೆಯ ವಿಷಯದಲ್ಲಿ ಇಬ್ನು ಸೀನಾ ಕೂಡ ಗ್ಯಾಲನ್ ಹೇಳಿದ್ದನ್ನೇ ಬರೆದರು.

ಇದನ್ನು ತಿದ್ದಿದವರು ಅಬ್ದುಲ್ಲತೀಫ್ ಅಲ್ ಬಗ್ದಾದಿ (1162–1231). ಅವರು ಕೈರೋದಲ್ಲಿ ಪಾಠ ಹೇಳುತ್ತಿದ್ದ ಕಾಲವದು. ಹಿಜರಿ 597ರಲ್ಲಿ, ಅಂದರೆ ಕ್ರಿ.ಶ. 1200ರ ಸುಮಾರಿಗೆ, ನೈಲ್ ನದಿಯಲ್ಲಿ ಸಾಕಷ್ಟು ನೀರು ಏರಲಿಲ್ಲ. ಈಜಿಪ್ಟಿನಲ್ಲಿ ಭೀಕರ ಬರ ಬಿತ್ತು, ಹಿಂದೆಯೇ ರೋಗ. ಅವರ ಗ್ರಂಥದಲ್ಲಿ ಆ ವರ್ಷಗಳ ವರ್ಣನೆಯನ್ನು ಓದುವುದು ಸುಲಭವಲ್ಲ. ಹಸಿವು ಮನುಷ್ಯರನ್ನು ಎಲ್ಲಿಗೆ ತಳ್ಳಿತು ಎಂಬುದನ್ನು ಅವರು ಮುಚ್ಚಿಡದೆ ಬರೆದಿದ್ದಾರೆ. ಕೈರೋ ಸಮೀಪದ ಅಲ್ ಮಖ್ಸ್ ಎಂಬಲ್ಲಿ ಹೂಳುವವರಿಲ್ಲದೆ ಹೆಣಗಳು ಗುಡ್ಡೆಯಾಗಿ ಬಿದ್ದಿದ್ದವು.

ಮೂಳೆಗಳ ಪಾಠವನ್ನು ಮಾತಿನಲ್ಲಿ ಎಷ್ಟು ವಿವರಿಸಿದರೂ ಶಿಷ್ಯರಿಗೆ ಅರ್ಥವಾಗುತ್ತಿರಲಿಲ್ಲ. ಅಬ್ದುಲ್ಲತೀಫ್ ಅಲ್ಲಿಗೆ ಹೋದರು. ಒಂದು ದವಡೆಯನ್ನು ನೋಡಿ ಅವಸರದಲ್ಲಿ ತೀರ್ಪು ಕೊಡಲಿಲ್ಲ. ತಾವೂ ನೋಡಿದರು, ಬೇರೆಯವರಿಂದಲೂ ನೋಡಿಸಿದರು. ಎರಡು ಸಾವಿರಕ್ಕೂ ಹೆಚ್ಚು ತಲೆಬುರುಡೆಗಳು! ಒಂದರಲ್ಲೂ ಗದ್ದದ ಬಳಿ ಕೀಲಾಗಲಿ ಹೊಲಿಗೆಯಾಗಲಿ ಕಾಣಲಿಲ್ಲ. ಗ್ಯಾಲನ್ ಎಷ್ಟೇ ಜಾಗರೂಕರಾದರೂ ಕಣ್ಣಿಗೆ ಕಂಡದ್ದೇ ಹೆಚ್ಚು ನಂಬಲರ್ಹ ಎಂಬ ಅರ್ಥದಲ್ಲಿ ಅವರು ಬರೆದರು. ಆ ಜ್ಞಾನ ಬಂದದ್ದು ಹಸಿವಿನಿಂದ ಸತ್ತ ಹೆಸರಿಲ್ಲದ ಜನರ ಮೂಳೆಗಳಿಂದ ಎಂಬುದನ್ನೂ ನಾವು ನೆನಪಿಡಬೇಕು.

ಗ್ಯಾಲನ್ ಹೇಳಿದ ಗೆರೆ ಪೂರ್ತಿ ಕಲ್ಪನೆಯೂ ಅಲ್ಲ. ಹುಟ್ಟಿದ ಮಗುವಿನ ಕೆಳದವಡೆ ಎರಡು ಭಾಗವಾಗಿಯೇ ಇರುತ್ತದೆ; ಸುಮಾರು ಒಂದು ವರ್ಷದೊಳಗೆ ಅವು ಬೆಸೆದು ಒಂದಾಗುತ್ತವೆ. ನಾಯಿಯಂಥ ಪ್ರಾಣಿಗಳಲ್ಲಿ ಅದು ಸಾಮಾನ್ಯವಾಗಿ ಕೀಲಾಗಿಯೇ ಉಳಿಯುತ್ತದೆ.

ನಮ್ಮ ಸಭೆಗಳಲ್ಲಿ ಪ್ರಾಚೀನ ಮುಸ್ಲಿಮ್ ವಿಜ್ಞಾನಿಗಳ ಸಾಧನೆಯನ್ನು ಎತ್ತಿ ಹೇಳುವುದು ರೂಢಿ. ಆದರೆ ಈ ಸಾಧನೆ ವೈದ್ಯರ ಕಿವಿಗೆ ಬೀಳಲೇ ಇಲ್ಲವೆನ್ನಬಹುದು. ಅದು ಇದ್ದದ್ದು ವೈದ್ಯಗ್ರಂಥದಲ್ಲಲ್ಲ, ಈಜಿಪ್ಟ್ ದೇಶದ ವರ್ಣನೆಯಲ್ಲಿ. ಯುರೋಪಿನಲ್ಲಿ ವೆಸಾಲಿಯಸ್ 1543ರಲ್ಲಿ ಅದೇ ತಪ್ಪನ್ನು ತಾವಾಗಿಯೇ ತಿದ್ದಿದರು. ಅಬ್ದುಲ್ಲತೀಫರ ಗ್ರಂಥ ಲ್ಯಾಟಿನ್ ಅನುವಾದದೊಡನೆ ಆಕ್ಸ್‌ಫರ್ಡಿನಲ್ಲಿ ಅಚ್ಚಾದದ್ದು 1800ರಲ್ಲಿ.

ಅವರ ಬರಹದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಬೆನ್ನಿನ ಬುಡದ ತ್ರಿಕೋನದ ಮೂಳೆಯ ಕುರಿತ ಮಾತು. ಗ್ಯಾಲನ್ ಅದನ್ನು ಹಲವು ಮೂಳೆಗಳೆಂದಿದ್ದರು. ಅಬ್ದುಲ್ಲತೀಫರಿಗೆ ಮೊದಲು ಅದು ಒಂದೇ ಮೂಳೆಯಾಗಿ ಕಂಡಿತು. ಬೇರೆ ದೇಹಗಳಲ್ಲಿ ಗ್ಯಾಲನ್ ಹೇಳಿದಂತೆಯೇ ಇತ್ತು. ದವಡೆಯ ವಿಷಯದಲ್ಲಿರುವಷ್ಟು ಖಚಿತತೆ ತನಗೆ ಇಲ್ಲಿಲ್ಲ ಎಂದು ಬರೆದು ಅವರು ಮುಂದೆ ಹೋದರು. ಬಾಲ್ಯದಲ್ಲಿ ಬೇರೆ ಬೇರೆಯಾಗಿರುವ ಅಲ್ಲಿನ ಐದು ಕಶೇರುಕಗಳು ಇಪ್ಪತ್ತೈದರ ಪ್ರಾಯದ ಹೊತ್ತಿಗೆ ಬೆಸೆದು ಒಂದಾಗುತ್ತವೆ ಎಂದು ಇಂದು ನಮಗೆ ಗೊತ್ತು.