ಕಂಪ್ಯೂಟರಿಗೆ ಒಲಿದ ಟ್ರಂಪೆಟ್ ದನಿ
ಬೆಲ್ ಪ್ರಯೋಗಾಲಯ, ಮರ್ರೆ ಹಿಲ್, ನ್ಯೂಜೆರ್ಸಿ, ಅಮೆರಿಕ

ಸ್ವರವೊಂದು ಹುಟ್ಟಿ, ಏರಿ, ನಿಂತು, ಅಡಗುವ ಏರಿಳಿತದ ರೇಖೆಯೇ ಎನ್ವಲಪ್. ಟ್ರಂಪೆಟ್ ದನಿಯ ಗುಟ್ಟು ಅಡಗಿದ್ದದ್ದು ಇದರಲ್ಲೇ. 1960ರ ದಶಕದ ಮೊದಲ ವರ್ಷಗಳಲ್ಲಿ ಕಂಪ್ಯೂಟರ್ ಸ್ವರಗಳನ್ನು ನುಡಿಸುತ್ತಿತ್ತು. ಟ್ರಂಪೆಟ್‌ನಂಥ ಹಿತ್ತಾಳೆ ವಾದ್ಯಗಳ ದನಿ ಮಾತ್ರ ಅದಕ್ಕೆ ಒಲಿದಿರಲಿಲ್ಲ. ಹಾರ್ಮೋನಿಕ್‌ಗಳನ್ನು, ಅಂದರೆ ಸ್ವರವೊಂದರಲ್ಲಿ ಬೆರೆತಿರುವ, ಮೂಲ ಕಂಪನದ ಪೂರ್ಣಾಂಕ ಪಟ್ಟು ವೇಗದ ಕಂಪನಗಳನ್ನು, ಬದಲಾಗದ ಪ್ರಮಾಣದಲ್ಲಿ ಬೆರೆಸಿದರೆ ನಿರ್ಜೀವ ಸದ್ದಷ್ಟೇ ಬರುತ್ತಿತ್ತು.

ರಿಸೆ ಕಂಡದ್ದು
1964ರಲ್ಲಿ ಪ್ರಯೋಗಾಲಯಕ್ಕೆ ಬಂದ ಫ್ರಾನ್ಸಿನ ಭೌತವಿಜ್ಞಾನಿ ಹಾಗೂ ಸಂಗೀತ ರಚನಕಾರ ಝಾನ್-ಕ್ಲೋಡ್ ರಿಸೆ, ಧ್ವನಿಮುದ್ರಿಸಿದ ಟ್ರಂಪೆಟ್ ಸ್ವರಗಳನ್ನು ಅಂಕಿಗಳಾಗಿ ಪರಿವರ್ತಿಸಿ, ಪ್ರತಿ ಹಾರ್ಮೋನಿಕ್‌ನ ಎನ್ವಲಪ್ಪನ್ನೂ ಬೇರೆಬೇರೆಯಾಗಿ ಬಿಡಿಸಿ ನೋಡಿದರು. ಸ್ವರ ಹೊರಡುವಾಗ ಕೆಳಗಿನ ಹಾರ್ಮೋನಿಕ್‌ಗಳು ಮೊದಲು ಏಳುತ್ತವೆ, ಮೇಲಿನವು ತುಸು ತಡವಾಗಿ. ದನಿ ಜೋರಾದಷ್ಟೂ ಮೇಲಿನವುಗಳ ಪಾಲು ಹೆಚ್ಚುತ್ತದೆ. ಟ್ರಂಪೆಟ್ಟಿನ ಮೊಳಗುವ ದನಿಗೆ ಇದೇ ಕಾರಣ.

ಆ ರೇಖೆಗಳನ್ನು ರಿಸೆ ಕೆಲವೇ ನೇರ ಗೆರೆಗಳ ತುಂಡುಗಳಿಗೆ ಇಳಿಸಿದರು. ಕಂಪ್ಯೂಟರ್ ಹುಟ್ಟಿಸಿದ ಸೈನ್ ತರಂಗಗಳ ಏರಿಳಿತವನ್ನು ಅವುಗಳಿಗೆ ತಕ್ಕಂತೆ ತಿದ್ದಿದರು. ಹೀಗೆ ಕಟ್ಟಿದ ಸ್ವರಕ್ಕೂ ಅಸಲಿ ಟ್ರಂಪೆಟ್ಟಿಗೂ ವ್ಯತ್ಯಾಸ ಗುರುತಿಸುವುದು ಕೇಳುಗರಿಗೆ ಕಷ್ಟವಾಯಿತು.

ಮುಂದಿನ ಹೆಜ್ಜೆ
ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ದನಿ ಜೋರಾದಷ್ಟೂ ಮೇಲಿನ ಹಾರ್ಮೋನಿಕ್‌ಗಳು ಹೆಚ್ಚುವ ಈ ಸೂತ್ರವನ್ನು ತಮ್ಮ ಎಫ್‌ಎಂ ವಿಧಾನಕ್ಕೆ (ಒಂದು ತರಂಗದಿಂದ ಇನ್ನೊಂದರ ಆವರ್ತನವನ್ನು ಏರಿಳಿಸಿ ದನಿ ಹುಟ್ಟಿಸುವ ವಿಧಾನ) ಅಳವಡಿಸಿದರು. ಹಿತ್ತಾಳೆ ವಾದ್ಯದ ದನಿಗೆ ಅದರಲ್ಲಿ ಒಂದೇ ಎನ್ವಲಪ್ ದನಿಯ ಜೋರನ್ನೂ ಹಾರ್ಮೋನಿಕ್‌ಗಳ ಹರವನ್ನೂ ಒಟ್ಟಿಗೆ ಏರಿಸಿ ಇಳಿಸುತ್ತದೆ. ಅವರ ಪ್ರಬಂಧ 1973ರಲ್ಲಿ ಪ್ರಕಟವಾಯಿತು. ಈ ವಿಧಾನದ ಪರವಾನಗಿ ಪಡೆದ ಜಪಾನಿನ ಯಮಾಹಾ ಕಂಪನಿ 1983ರಲ್ಲಿ ಡಿಎಕ್ಸ್7 ಸಿಂಥಸೈಸರನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ತರಂಗ ಹುಟ್ಟಿಸುವ ಘಟಕಗಳಾದ ಆರು ಆಪರೇಟರ್‌ಗಳಿಗೂ ಒಂದೊಂದು ಪ್ರತ್ಯೇಕ ಎನ್ವಲಪ್ ಇದೆ.